ಹೈ-ಲಿಫ್ಟ್ ಜಾಕ್ ಎಲ್ಲಿ ಕಟ್ಟಬೇಕು? ಜಿಪ್ಸಿಯಲ್ಲಿ ನಾಲ್ಕು ಜಾಗ ನೋಡಿದ ಮೇಲೆ

ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಜುಲೈ ಬಂತೆಂದರೆ ಗಾಡಿ ಹೂತುಹೋಗುವುದು ಮಾಮೂಲಿ. ಆಕ್ಸಲ್‌ವರೆಗೆ ಕೆಸರಲ್ಲಿ ಕೂತ ನಮ್ಮ ಮಾರುತಿ ಜಿಪ್ಸಿಯ ಕೆಳಗೆ ಬಾಟಲ್ ಜಾಕ್ ತೂರಿಸಲು ಜಾಗವೇ ಇರುವುದಿಲ್ಲ. ಅದಕ್ಕೇ ಹೈ-ಲಿಫ್ಟ್ ಜಾಕ್ ತಂದೆ, ಅಂದರೆ ಹಿಡಿ ಒತ್ತಿದಂತೆ ಉದ್ದ ಕಂಬದ ಮೇಲೆ ಹತ್ತುತ್ತಾ ಗಾಡಿ ಎತ್ತುವ ಜಾಕ್. 48 ಇಂಚು, ಅಂದರೆ ನಾಲ್ಕು ಅಡಿ ಉದ್ದ. ತೂಕ ಹೆಚ್ಚು ಕಡಿಮೆ 13 ಕೆಜಿ. ಇಷ್ಟುದ್ದದ ಕಬ್ಬಿಣವನ್ನು ಪುಟ್ಟ ಗಾಡಿಯಲ್ಲಿ ಎಲ್ಲಿ ಇಡುವುದು? ಮೂರು ಮಳೆಗಾಲದಲ್ಲಿ ನಾಲ್ಕು ಕಡೆ ಕಟ್ಟಿ ನೋಡಿದೆ.

ಮೊದಲು ಬಾನೆಟ್ ಮೇಲೆ. ಎರಡೇ ವಾರ. ಏರು ಹತ್ತುವಾಗ ಮೊದಲೇ ಬಾನೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದರ ಮೇಲೆ ಜಾಕ್ ಬೇರೆ ಅಡ್ಡ. ಎಣ್ಣೆ ನೋಡಲು ಬಾನೆಟ್ ಎತ್ತುವಾಗಲೂ ಆ ಭಾರ ಎತ್ತಬೇಕು. ಅಡ್ಡ ಬಂದವರಿಗೆ ತಾಗಿದರೆ ಗತಿ ಏನು ಎಂಬ ಯೋಚನೆಯೂ ಬಂತು, ಬಿಚ್ಚಿಬಿಟ್ಟೆ. ಕೆಲವರು ಬಂಪರ್ ಮುಂದೆ ಕ್ರ್ಯಾಶ್ ಗಾರ್ಡ್ (ಕಬ್ಬಿಣದ ಕಂಬಿಯ ಚೌಕಟ್ಟು) ಹಾಕಿಸಿ ಅದಕ್ಕೆ ಕಟ್ಟುತ್ತಾರೆ. ದಯವಿಟ್ಟು ಬೇಡ. ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಹೇಳಿದೆ.

ಆಮೇಲೆ ರೂಫ್ ಕ್ಯಾರಿಯರ್. ಕೆಸರು ಅಷ್ಟಾಗಿ ಹಾರುವುದಿಲ್ಲ, ಒಳಗೆ ಜಾಗವೂ ಉಳಿಯುತ್ತದೆ. ಆದರೆ ಒದ್ದೆ ಬಂಪರ್ ಮೇಲೆ ಒಂದು ಕಾಲಿಟ್ಟು, ತಲೆಗಿಂತ ಎತ್ತರದಿಂದ 13 ಕೆಜಿ ಇಳಿಸಿ ನೋಡಿ. ಒಮ್ಮೆ ಕಾಲು ಜಾರಿ ಜಾಕ್ ನನ್ನ ಭುಜದ ಪಕ್ಕದಲ್ಲೇ ಬಿತ್ತು. ಜಿಪ್ಸಿ ಒಂದು ಟನ್ ಆಸುಪಾಸಿನ ಹಗುರ ಗಾಡಿ. ಕ್ಯಾರಿಯರ್, ಜಾಕ್ ಎರಡರ ಭಾರ ನೆತ್ತಿ ಮೇಲಿದ್ದರೆ ಓರೆ ದಾರಿಯಲ್ಲಿ ವಾಲುವುದು ಚೆನ್ನಾಗಿಯೇ ಗೊತ್ತಾಗುತ್ತದೆ. ಉದ್ದ ಪ್ರಯಾಣದಲ್ಲಿ ಸಾಮಾನು ಜಾಸ್ತಿ ಇದ್ದವರಿಗೆ ಇದು ಅನಿವಾರ್ಯ ಇರಬಹುದು. ನನಗೆ ಆಗಲಿಲ್ಲ.

ಹಿಂಬಾಗಿಲಿನ ಸ್ಟೆಪ್ನಿ ಮೇಲೆ ಕಟ್ಟಿದ್ದು ನನಗೆ ತುಂಬಾ ಇಷ್ಟವಾಗಿತ್ತು. ವೀಲ್ ಬೋಲ್ಟಿಗೆ ಒಂದು ಪಟ್ಟಿ, ಅದರ ಮೇಲೆ ಎರಡು ಕ್ಲಾಂಪ್, ವೆಲ್ಡಿಂಗ್ ಸೇರಿ 1,800 ರೂಪಾಯಿ. ಸೊಂಟದ ಎತ್ತರದಲ್ಲೇ ಸಿಗುತ್ತದೆ, ಎರಡು ನಟ್ ಬಿಚ್ಚಿದರೆ ಕೈಗೆ ಬಂತು. ಒಂದು ವರ್ಷ ಇದೇ ಸರಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ತೊಂದರೆ ನಿಧಾನಕ್ಕೆ ಶುರುವಾಯಿತು. ಸ್ಟೆಪ್ನಿ ಭಾರದ ಜೊತೆ ನಾನು ಹಾಕಿದ ಭಾರವೂ ಸೇರಿ ಬಾಗಿಲು ಸ್ವಲ್ಪ ಕೆಳಗೆ ಜಗ್ಗಿತು. ಮುಚ್ಚಬೇಕಾದರೆ ಎತ್ತಿ ಒತ್ತಬೇಕು. ಜಾಕ್ ಅಡ್ಡಡ್ಡ ಕೂತರೆ ನಂಬರ್ ಪ್ಲೇಟ್, ಹಿಂದಿನ ಲೈಟ್ ಮರೆಯಾಗದ ಹಾಗೆ ನೋಡಿಕೊಳ್ಳುವ ಕೆಲಸ ಬೇರೆ.

ನಿಜವಾದ ಪರೀಕ್ಷೆ ಆದದ್ದು ಒಂದು ಸಂಜೆ. ಜಡಿಮಳೆ. ರಿವರ್ಸ್ ತೆಗೆಯುವಾಗ ಎಡಗಡೆ ಹಿಂದಿನ ಚಕ್ರ ಚರಂಡಿಗೆ ಇಳಿಯಿತು, ಸ್ಟೆಪ್ನಿ ಹೋಗಿ ದಾರಿ ಪಕ್ಕದ ಮಣ್ಣಿನ ದರೆಗೆ ಒರಗಿತು. ಜಾಕ್ ಇದೆ, ಕಣ್ಣಿಗೆ ಕಾಣುತ್ತಿದೆ, ಆದರೆ ಸ್ಪ್ಯಾನರ್ ಹಾಕಲು ಅರ್ಧ ಅಡಿ ಜಾಗವಿಲ್ಲ. ಗುದ್ದಲಿಯಲ್ಲಿ ದರೆ ಕೆರೆದು ಹೊರಗೆ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ. ತೆಗೆದ ಮೇಲಾದರೂ ಕೆಲಸ ಮಾಡಿತಾ? ಇಲ್ಲ. ಈ ಜಾಕ್ ಕಂಬದ ತೂತುಗಳಲ್ಲಿ ಎರಡು ಪಿನ್‌ಗಳು ಒಂದಾದ ಮೇಲೊಂದು ಕೂತು ಮೇಲೇರುತ್ತದೆ. ಹಿಂದಿನ ಚಕ್ರದ ಕೆಸರು ದಿನಾ ಹಾರಿ, ಒಣಗಿ, ಪಿನ್‌ಗಳ ಸುತ್ತ ಗಾರೆಯ ಹಾಗೆ ಗಟ್ಟಿಯಾಗಿತ್ತು. ಬಾಟಲಿ ನೀರು ಸುರಿದು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ಪಿನ್ ಅರ್ಧ ಕೂತಾಗ ಭಾರ ಹಾಕಿದರೆ ಹಿಡಿ ಚಿಮ್ಮಿ ದವಡೆ ಮುರಿಯುತ್ತದೆ. ಆ ಕತ್ತಲಲ್ಲಿ ನನಗಿದ್ದ ಭಯ ಅದೇ.

ಈಗ ಜಾಕ್ ಗಾಡಿಯ ಒಳಗಿದೆ. ಹಿಂದಿನ ಎಡಗಡೆ ಉದ್ದ ಸೀಟಿನ ಬುಡದಲ್ಲಿ, ನೆಲಕ್ಕೆ ಎರಡು ಬ್ರಾಕೆಟ್, ಕೆಳಗಿನಿಂದ ದೊಡ್ಡ ವಾಷರ್ ಹಾಕಿ ಬೋಲ್ಟ್ ಮಾಡಿದ್ದೇನೆ. ಸುಮ್ನೆ ಹಗ್ಗದಲ್ಲಿ ಕಟ್ಟಿ ಇಡಬೇಡಿ. ಗಾಡಿ ಗುದ್ದಿದರೆ ಅಥವಾ ಮಗುಚಿದರೆ ಅದು ಒಳಗಿದ್ದವರ ಮೇಲೇ ಬರುತ್ತದೆ. ಬ್ರಾಕೆಟ್ ಬಾಯಿಗೆ ಸೈಕಲ್ ಟ್ಯೂಬ್ ತುಂಡು ಸುತ್ತಿದ ಮೇಲೆ ಗಡಗಡ ಶಬ್ದ ನಿಂತಿತು. ರೆಕ್ಕೆ ನಟ್ ಹಾಕಿದ್ದರಿಂದ ಸ್ಪ್ಯಾನರ್ ಬೇಡ. ಹಿಂಬಾಗಿಲು ತೆರೆಯದಿದ್ದರೆ ಮುಂದಿನ ಸೀಟು ದಾಟಿ ಹೋಗಿ ಎಳೆದುಕೊಳ್ಳಬಹುದು. ಕಷ್ಟವೇ, ಆದರೆ ಸಾಧ್ಯ. ಕಳೆದ ಮಳೆಗಾಲದಲ್ಲಿ ನಾಲ್ಕು ಸಲ ಬೇಕಾಯಿತು. ನಾಲ್ಕೂ ಸಲ ಮೊದಲ ಏಟಿಗೇ ಪಿನ್ ಕೂತವು. ತುಕ್ಕು ಇಲ್ಲ, ಕೆಸರು ಇಲ್ಲ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ.

ಕೊರತೆಗಳೂ ಇವೆ. ಎಡಗಡೆ ಕೂತವರಿಗೆ ಕಾಲು ಹಿಂದಕ್ಕೆ ಮಡಚಲು ಆಗುವುದಿಲ್ಲ, ಅಮ್ಮ ಪ್ರತಿಸಲ ಹೇಳುತ್ತಾರೆ. ಕೆಲಸ ಮುಗಿದ ಮೇಲೆ ಕೆಸರು ಮೆತ್ತಿದ ಜಾಕ್ ಒಳಗೇ ಬರಬೇಕಲ್ವಾ, ಅದಕ್ಕೆ ಎರಡು ಗೋಣಿಚೀಲ ಇಟ್ಟಿದ್ದೇನೆ. ಮನೆಗೆ ಬಂದ ದಿನವೇ ಪೈಪ್ ನೀರಲ್ಲಿ ತೊಳೆದು, ಪಿನ್‌ಗಳಿಗೆ ಗ್ರೀಸ್ ಬದಲು ಒಣ ಲೂಬ್ರಿಕೆಂಟ್ ಹೊಡೆಯುತ್ತೇನೆ. ಗ್ರೀಸ್ ಹಚ್ಚಿದರೆ ಮಣ್ಣು ಇನ್ನೂ ಜಾಸ್ತಿ ಹಿಡಿಯುತ್ತದೆ.

ಜಾಕ್ ಪಕ್ಕದಲ್ಲೇ ಒಂದೂವರೆ ಅಡಿ ಉದ್ದದ ದಪ್ಪ ಹಲಗೆಯನ್ನೂ ಕಟ್ಟಿಡಿ. ಜಾಕಿನ ಪಾದ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಲಗೆ ಇಲ್ಲದಿದ್ದರೆ ನಮ್ಮ ಮಳೆಗಾಲದ ಮಣ್ಣಲ್ಲಿ ಗಾಡಿ ಏಳುವುದಿಲ್ಲ, ಜಾಕೇ ಇಳಿಯುತ್ತದೆ.