ಆಫೀಸಿನ ಪ್ರಾಕ್ಸಿಗೆ ಸ್ಕ್ವಿಡ್ ಹಾಕಿ ಎರಡು ಮಳೆಗಾಲ ಕಳೆಯಿತು

ಸಾಗರದ ಕಡೆಯ ಒಂದು ಅಡಿಕೆ ಸಂಘದಲ್ಲಿ ಲೆಕ್ಕ ನೋಡುವವನು ನಾನು. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಈಗ ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ನೆಟ್ ಹೋದರೂ ನನ್ನನ್ನೇ. 22 ಕಂಪ್ಯೂಟರ್, ಒಂದೇ ಫೈಬರ್ ಲೈನ್, ನಡುವೆ ಒಂದು ಪ್ರಾಕ್ಸಿ, ಅಂದರೆ ಎಲ್ಲರ ನೆಟ್ ಬಳಕೆಯೂ ಹಾದು ಹೋಗುವ ಮಧ್ಯವರ್ತಿ.

ಹಳೆಯದು ದುಡ್ಡು ಕೊಟ್ಟು ತಂದ ಪ್ರಾಕ್ಸಿ, ಹೆಸರು ಬೇಡ. ವಿಂಡೋಸ್ ಮೇಲೆ ಓಡುತ್ತಿತ್ತು. ಇಷ್ಟು ಜನಕ್ಕೆ ಇಷ್ಟು ಅಂತ ಲೈಸೆನ್ಸ್, ವರ್ಷ ವರ್ಷ ರಿನ್ಯೂವಲ್. ವಾರಕ್ಕೆ ಮೂರು ಸಲವಾದರೂ ಕೂತು ಬಿಡುತ್ತಿತ್ತು, ಅದೂ ಸರಿಯಾಗಿ ಎಪಿಎಂಸಿ ಆನ್‌ಲೈನ್ ಟೆಂಡರ್‌ಗೆ ದರ ಹಾಕುವ ಹೊತ್ತಿಗೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಲಾಟ್ ಲಾಟಿಗೆ ದರ ತುಂಬುತ್ತಾ ಇರುತ್ತಾರೆ, ಪರದೆ ಮೇಲೆ ಚಕ್ರ ತಿರುಗಲು ಶುರು, ಆ ಕಡೆಯಿಂದ ಒಬ್ಬರು "ಮಾರಾಯಾ, ಟೈಮ್ ಆಗ್ತಾ ಬಂತು!" ಅಂತ ಕೂಗುತ್ತಾರೆ, ನಾನು ಓಡಿ ಹೋಗಿ ರೀಸ್ಟಾರ್ಟ್ ಹೊಡೆಯುತ್ತೇನೆ. ಯಾಕೆ ಕೂತಿತು ಅಂತ ಅದು ಒಂದು ದಿನವೂ ಹೇಳಲಿಲ್ಲ. ಫೋನ್ ಮಾಡಿದರೆ ಆ ಕಂಪನಿಯವರೂ ಹೇಳುತ್ತಿರಲಿಲ್ಲ.

ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಐ3 ಮಷೀನ್ ಒರೆಸಿ, 4 ಜಿಬಿ ರ‍್ಯಾಮ್‌ನಲ್ಲೇ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ ಸ್ಕ್ವಿಡ್ ಕೂರಿಸಿದೆ. 1996ರಿಂದ ಇರುವ ಓಪನ್ ಸೋರ್ಸ್ ಪ್ರಾಕ್ಸಿ ತಂತ್ರಾಂಶ, ಲೈಸೆನ್ಸ್ ಖರ್ಚಿಲ್ಲ. ಮಂಗಳೂರು ಕಡೆ ಬೊಂಡಾಸ್ ಅಂತಾರಲ್ಲ, ಆ ಸಮುದ್ರಜೀವಿಯ ಇಂಗ್ಲಿಷ್ ಹೆಸರೇ ಇದು. ನಮ್ಮ ಕಾರ್ಯದರ್ಶಿಗಳಿಗೆ ಇದನ್ನು ಹೇಳಬಾರದಿತ್ತು. ಈಗಲೂ "ಮೀನು ನಡೀತಿದೆಯಾ?" ಅಂತ ಕೇಳುತ್ತಾರೆ.

ಒಮ್ಮೆ ಬಂದ ಪುಟವನ್ನು ತನ್ನಲ್ಲೇ ತೆಗೆದಿಟ್ಟುಕೊಂಡು (ಇದಕ್ಕೆ ಕ್ಯಾಶ್ ಅಂತಾರೆ) ಮತ್ತೆ ಕೇಳಿದವರಿಗೆ ಕೊಡುವುದರಿಂದ ಸ್ಕ್ವಿಡ್ ಹಾಕಿದರೆ ನೆಟ್ ಸ್ಪೀಡ್ ಆಗುತ್ತೆ ಅಂತ ಬಹಳ ಜನ ಹೇಳುತ್ತಾರೆ. ಅದು ಹಳೇ ಕಥೆ. ಈಗ ಹೆಚ್ಚುಕಮ್ಮಿ ಎಲ್ಲ ಸೈಟೂ ಎಚ್‌ಟಿಟಿಪಿಎಸ್. ಅಂದರೆ ಬ್ರೌಸರಿಗೂ ಸೈಟಿಗೂ ನಡುವೆ ಹೋಗುವುದೆಲ್ಲ ಬೀಗ ಹಾಕಿದ ಗುಪ್ತ ರೂಪದಲ್ಲಿ. ಅಲ್ಲಿ ಸ್ಕ್ವಿಡ್ ಸುಮ್ನೆ ಒಂದು ಕೊಳವೆ ಅಷ್ಟೇ, ಒಳಗೆ ಹರಿಯುವುದನ್ನು ತೆಗೆದಿಟ್ಟುಕೊಳ್ಳಲು ಆಗುವುದಿಲ್ಲ. ನಾನೂ ಆಸೆಗೆ ಡಿಸ್ಕ್ ಕ್ಯಾಶ್ ಹಾಕಿಕೊಂಡಿದ್ದೆ. ಜೂನ್ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯ್ತು, ಯುಪಿಎಸ್ಸೂ ಸೋತಿತು. ಮತ್ತೆ ಎದ್ದ ಮೇಲೆ ಆ ಕ್ಯಾಶ್‌ನ ಲೆಕ್ಕವನ್ನೆಲ್ಲ ಹೊಸದಾಗಿ ಕಟ್ಟುತ್ತಾ ಕೂತಿತು, ಹಳೇ ಹಾರ್ಡ್ ಡಿಸ್ಕ್ ಗರಗರ ಅನ್ನುತ್ತಿತ್ತು. ಅವತ್ತೇ ಕಿತ್ತು ಹಾಕಿದೆ. ಈಗ ಇರುವುದು 256 ಎಂಬಿ ಮೆಮೊರಿ ಕ್ಯಾಶ್ ಮಾತ್ರ, ಏನೂ ಕಮ್ಮಿಯಾಗಿಲ್ಲ.

ನನಗೆ ಇದು ಇಷ್ಟವಾಗಿದ್ದು ಲಾಗ್‌ಗೋಸ್ಕರ. ಯಾವ ಕಂಪ್ಯೂಟರ್ ಯಾವ ಸೈಟ್ ಕೇಳಿತು, ಏನಾಯ್ತು ಅಂತ ಸಾಲು ಸಾಲಾಗಿ ಬರೆದಿಡುವ ಕಡತ ಅದು. ಒಂದು ಉದಾಹರಣೆ ಕೊಡುತ್ತೇನೆ. ಒಂದು ಸರ್ಕಾರಿ ಪೋರ್ಟಲ್ ನಮ್ಮಲ್ಲಿ ತೆರೆಯುತ್ತಲೇ ಇರಲಿಲ್ಲ, ಮೊಬೈಲ್‌ನಲ್ಲಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಹಳೇ ಪ್ರಾಕ್ಸಿ ಇದ್ದಾಗಲೂ ಇದೇ ಗೋಳು. ಲಾಗ್ ತೆರೆದಿಟ್ಟು ಪಕ್ಕದ ಮೇಜಿನವರಿಗೆ "ಈಗ ಒತ್ತಿ" ಅಂದೆ. ಟಿಸಿಪಿ ಡಿನೈಡ್, 403, ಅಂದರೆ ಸ್ಕ್ವಿಡ್ಡೇ ತಡೆದಿದೆ; ವಿಳಾಸದ ಕೊನೆಯಲ್ಲಿ ಪೋರ್ಟ್ (ಸರ್ವರಿನ ಬಾಗಿಲ ನಂಬರ್) 8443. ಅಷ್ಟೇ ವಿಷಯ! ಸ್ಕ್ವಿಡ್ ತಾನಾಗಿ 443 ಬಿಟ್ಟರೆ ಬೇರೆ ಪೋರ್ಟ್‌ಗೆ ಎಚ್‌ಟಿಟಿಪಿಎಸ್ ಬಿಡುವುದಿಲ್ಲ. ಎಸ್‌ಎಸ್‌ಎಲ್ ಪೋರ್ಟ್‌ಗಳ ಪಟ್ಟಿಗೆ 8443 ಅಂತ ಒಂದು ಸಾಲು ಸೇರಿಸಿ ರೀಕಾನ್ಫಿಗರ್ ಕೊಟ್ಟೆ (ನಿಲ್ಲಿಸದೆ ಹೊಸ ಸೆಟ್ಟಿಂಗ್ ಓದಿಸುವುದು), ಪೋರ್ಟಲ್ ತೆರೆಯಿತು. ಎರಡು ವರ್ಷದ ತಲೆನೋವು ಒಂದು ಚಹಾ ಆರುವುದರೊಳಗೆ ಹೋಯ್ತು. ಹಾಗೇ ಲಾಗ್‌ನಲ್ಲಿ ಸಾಲು ಸಾಲು 503 ಬಂದರೆ ಹೊರಗೆ ಎಲ್ಲೋ ಲೈನ್ ಹೋಗಿದೆ ಅಂತ ಅರ್ಥ ಮಾಡಿಕೊಳ್ಳುತ್ತೇನೆ, ಸುಮ್ಮನೆ ಮಷೀನ್ ರೀಸ್ಟಾರ್ಟ್ ಮಾಡುತ್ತಾ ಕೂರುವುದಿಲ್ಲ.

ಕಷ್ಟ ಇಲ್ಲ ಅಂತಲ್ಲ. ಯಾರಿಗೆ ಬಿಡಬೇಕು, ಯಾರಿಗೆ ಬೇಡ ಅನ್ನುವ ನಿಯಮಗಳನ್ನು ಸ್ಕ್ವಿಡ್ ಮೇಲಿಂದ ಕೆಳಗೆ ಓದುತ್ತದೆ, ಮೊದಲು ಯಾವುದು ಹೊಂದಿತೋ ಅದೇ ಕೊನೆ. ಇದು ತಲೆಗೆ ಹತ್ತುವ ಮೊದಲು 'ಎಲ್ಲರಿಗೂ ಬೇಡ' ಅನ್ನುವ ಸಾಲಿನ ಕೆಳಗೆ ನಮ್ಮ ಆಫೀಸಿನ ವಿಳಾಸ ಬರೆದು, ಒಂದು ಸೋಮವಾರ ಬೆಳಗ್ಗೆ ಇಡೀ ಕಚೇರಿಯ ನೆಟ್ ನಾನೇ ನಿಲ್ಲಿಸಿದ್ದೆ. ಲಾಗ್‌ನಲ್ಲಿ ವೇಳೆ ಮನುಷ್ಯರು ಓದುವ ಹಾಗೆ ಇರುವುದಿಲ್ಲ, 1970ರಿಂದ ಎಣಿಸಿದ ಸೆಕೆಂಡುಗಳು. ಲಾಗ್ ಫಾರ್ಮ್ಯಾಟ್ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಕಣ್ಣು ಹೋಗುತ್ತೆ. ಪೂರ್ತಿ ರೀಸ್ಟಾರ್ಟ್ ಕೊಟ್ಟರೆ ಅರ್ಧ ನಿಮಿಷ ತನಕ ಹಳೇ ಕನೆಕ್ಷನ್‌ಗಳಿಗೆ ಕಾಯುತ್ತದೆ. ಟೆಂಡರ್ ಹೊತ್ತಲ್ಲಿ ಆ ಅರ್ಧ ನಿಮಿಷ ಎಷ್ಟು ಉದ್ದ ಅಂತ ನನಗೆ ಗೊತ್ತು.

ಡಿಲೇ ಪೂಲ್ ಅಂತ, ಒಂದೊಂದು ಕಂಪ್ಯೂಟರಿಗೂ ಇಷ್ಟೇ ವೇಗ ಅಂತ ಮಿತಿ ಹಾಕುವ ಸೌಲಭ್ಯ ಇದೆ, ಚಿನ್ನ. ಒಂದು ಕಂಪ್ಯೂಟರ್ ವಿಂಡೋಸ್ ಅಪ್‌ಡೇಟ್ ಎಳೆಯಲು ಶುರು ಮಾಡಿದರೆ ಉಳಿದವರೆಲ್ಲ ಕೈ ಕಟ್ಟಿ ಕೂರುತ್ತಿದ್ದರು, ಈಗ ಆ ಬಾಧೆ ಇಲ್ಲ. ಆದರೆ ಅಲ್ಲಿ ಬರೆಯಬೇಕಾದ್ದು ಸೆಕೆಂಡಿಗೆ ಎಷ್ಟು ಬೈಟ್ ಅನ್ನುವ ಲೆಕ್ಕ, ಬಿಟ್ ಅಲ್ಲ (ಒಂದು ಬೈಟ್ ಅಂದರೆ ಎಂಟು ಬಿಟ್). 64000 ಅಂತ ಹಾಕಿದರೆ ಅದು 512 ಕೆಬಿಪಿಎಸ್. ನಾನು ಎಂಟು ಪಟ್ಟು ಜಾಸ್ತಿ ಕೊಟ್ಟು, ಇದು ಕೆಲಸವೇ ಮಾಡಲ್ಲ ಅಂತ ಒಂದು ವಾರ ಬೈದುಕೊಂಡಿದ್ದೆ.

ಯಾರು ಏನು ನೋಡುತ್ತಾರೆ ಗೊತ್ತಾಗುತ್ತಾ ಅಂತ ಅಧ್ಯಕ್ಷರು ಒಮ್ಮೆ ಮೆಲ್ಲಗೆ ಕೇಳಿದರು. ಎಚ್‌ಟಿಟಿಪಿಎಸ್ ಆದರೆ ಸೈಟಿನ ಹೆಸರು ಮಾತ್ರ ಸಾರ್, ಒಳಗಿನ ಪುಟ ಕಾಣಲ್ಲ ಅಂದೆ. ಒಡೆದು ನೋಡುವ ದಾರಿಯೂ ಇದೆ, ಎಲ್ಲ ಕಂಪ್ಯೂಟರಿಗೂ ನಮ್ಮದೇ ಸರ್ಟಿಫಿಕೇಟ್ ಹಾಕಬೇಕು. ಅದನ್ನು ಬೇಕಂತಲೇ ಹೇಳಲಿಲ್ಲ. ಬ್ಯಾಂಕ್ ಕೆಲಸ ನಡೆಯುವ ಕಡೆ ಆ ಉಸಾಬರಿ ನನಗೆ ಬೇಡ.

ಹಳೇ ಕಂಪನಿಯವರು ರಿನ್ಯೂವಲ್‌ಗೆ ಈಗಲೂ ಫೋನ್ ಮಾಡುತ್ತಾರೆ. ಡೆಬಿಯನ್‌ನ ಹೊಸ ಆವೃತ್ತಿಗೆ ಏರಿಸುವುದೊಂದು ಬಾಕಿ ಇದೆ, ಮಳೆ ಬಿಟ್ಟು ಕರೆಂಟ್ ನೆಟ್ಟಗಾಗಲಿ ಅಂತ ಕಾಯುತ್ತಿದ್ದೇನೆ.