4×5 ಕ್ಯಾಮರಾ ಹೊತ್ತು ಪದವು ಹತ್ತುವವರೇ, ಹೋಲ್ಡರ್ ಜೋಪಾನ

ಮಳೆ ನಿಂತು ಹುಲ್ಲು ಬಣ್ಣ ತಿರುಗುವ ಹೊತ್ತಿಗೆ ಕಾಸರಗೋಡಿನ ಪೊಸಡಿಗುಂಪೆ ಎಂಬ ಪದವಿಗೆ (ಮುರಕಲ್ಲಿನ ಬೋಳು ಗುಡ್ಡಕ್ಕೆ) ಒಯ್ದ, 4×5 ಇಂಚಿನ ಬಿಡಿ ಫಿಲಂ ಶೀಟು ಬಳಸುವ ಕ್ಯಾಮರಾದ ಒಂದು ಕಿಟ್‌ನ ಪಾಡು ಇದು. ಕ್ಯಾಮರಾ ಎಲ್ಲೂ ಬೀಳಲಿಲ್ಲ, ನೆನೆಯಲೂ ಇಲ್ಲ. ಆದರೆ ಮನೆಗೆ ಬಂದು ಬ್ಯಾಗ್ ಬಿಚ್ಚಿದರೆ ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಮಬ್ಬು ಗಾಜು) ಮೂಲೆಯಿಂದ ಮೂಲೆಗೆ ಸೀಳಿತ್ತು, ಲೆನ್ಸಿನ ಹಿಂದಿನ ಸೆಲ್ (ಶಟರಿಗೆ ತಿರುಗಿಸಿ ಕೂರಿಸುವ ಗಾಜಿನ ಭಾಗ) ಅರ್ಧ ಸುತ್ತು ಸಡಿಲವಾಗಿತ್ತು. ಫಿಲಂ ತೊಳೆದ ಮೇಲೆ ಗೊತ್ತಾದದ್ದು ಇನ್ನೂ ಕೆಟ್ಟದ್ದು. ಅರ್ಧಕ್ಕಿಂತ ಹೆಚ್ಚು ನೆಗೆಟಿವ್‌ಗಳ ಅಂಚಿನಲ್ಲಿ ಬೆಳಕು ಸೋರಿದ ಕಪ್ಪು ಪಟ್ಟೆ, ಮಿಕ್ಕವುಗಳ ಆಕಾಶದ ತುಂಬ ಸೂಜಿಮೊನೆಯಷ್ಟು ಪಾರದರ್ಶಕ ಚುಕ್ಕೆಗಳು. ಇಷ್ಟೂ ಹಾನಿ ಆದದ್ದು ಸಾಗಿಸುವಾಗ.

ಮೊದಲು ಹೋಲ್ಡರ್ ವಿಷಯ, ಎಂದರೆ ಎರಡು ಬದಿಗೂ ಒಂದೊಂದು ಶೀಟು ಫಿಲಂ ಹಿಡಿಯುವ ಚಪ್ಪಟೆ ಪೆಟ್ಟಿಗೆಯದ್ದು. ಹತ್ತು ಹೋಲ್ಡರ್ ಎಂದರೆ ಇಪ್ಪತ್ತು ಶೀಟು, ಹತ್ತಿರ ಹತ್ತಿರ ಎರಡು ಕಿಲೋ ಭಾರ. ಆ ಕಿಟ್‌ನಲ್ಲಿ ಅವನ್ನೆಲ್ಲ ಒಂದು ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಬ್ಯಾಗಿನ ತಳಕ್ಕೆ ಹಾಕಲಾಗಿತ್ತು. ಬೈರಾಸಿನ ನೂಲೆಳೆ ಒಂದು ಪೀಡೆ, ಮುರಕಲ್ಲಿನ ಕೆಂಪು ಧೂಳು ಇನ್ನೊಂದು. ಫಿಲಂ ಮುಚ್ಚುವ ತೆಳು ಹಲಗೆಯಾದ ಡಾರ್ಕ್ ಸ್ಲೈಡ್ ಒಳಹೋಗುವ ಸಂದಿಯಲ್ಲಿ ಬೆಳಕು ತಡೆಯುವ ಮಖಮಲ್ ಪಟ್ಟಿ ಇರುತ್ತದಲ್ಲ, ಧೂಳು ಹಿಡಿದಿಟ್ಟುಕೊಳ್ಳುವುದು ಅದೇ. ಸ್ಲೈಡ್ ಎಳೆದು ಮತ್ತೆ ತಳ್ಳುವಾಗ ಆ ಧೂಳು ಸೀದಾ ಫಿಲಂ ಮೇಲೆ ಕೂರುತ್ತದೆ. ಧೂಳು ಕೂತಲ್ಲಿ ಬೆಳಕು ತಾಗುವುದಿಲ್ಲ, ನೆಗೆಟಿವ್ ಅಲ್ಲಿ ಪಾರದರ್ಶಕವಾಗಿ ಉಳಿಯುತ್ತದೆ. ಪ್ರಿಂಟಿನಲ್ಲಿ ಅಲ್ಲೊಂದು ಕಪ್ಪು ಚುಕ್ಕೆ. ಪ್ರಿಂಟಿನ ಚುಕ್ಕೆ ತಿದ್ದುವ ಸ್ಪಾಟಿಂಗ್ ಬಣ್ಣದಿಂದ ಬಿಳಿ ಚುಕ್ಕೆಯನ್ನು ಮುಚ್ಚಬಹುದು, ಕಪ್ಪನ್ನು ಮುಚ್ಚುವುದು ಬಹಳ ಕಷ್ಟ.

ಕಪ್ಪು ಪಟ್ಟೆಗೆ ಕಾರಣ ಬೇರೆ. ಬ್ಯಾಗಿನ ಕುಲುಕಾಟಕ್ಕೆ ಹೋಲ್ಡರಿನ ಸಣ್ಣ ಕೊಕ್ಕೆ ಪಕ್ಕಕ್ಕೆ ತಿರುಗಿ, ಸ್ಲೈಡ್ ಎರಡು ಮೂರು ಮಿಲಿಮೀಟರ್ ಮೇಲೆದ್ದಿತ್ತು. ನೆತ್ತಿಯ ಬಿಸಿಲಿನಲ್ಲಿ ಬ್ಯಾಗ್ ತೆರೆದರೆ ಅಷ್ಟು ಸಾಕು.

ಆದ್ದರಿಂದ ಕೊಕ್ಕೆಯೊಂದನ್ನೇ ನಂಬಬೇಡಿ. ಪ್ರತಿ ಹೋಲ್ಡರಿಗೆ ಉದ್ದಕ್ಕೆ, ಸ್ಲೈಡಿನ ಹಿಡಿಯ ಮೇಲೆ ಹಾದುಹೋಗುವ ಹಾಗೆ, ಅಗಲದ ರಬ್ಬರ್ ಬ್ಯಾಂಡ್ ಹಾಕಿ. ಒಂದೊಂದನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಹಿಡಿ ಮೇಲಾಗಿ ಒತ್ತಾಗಿ ನಿಲ್ಲಿಸಿ. ಅಲುಗಾಡಿದರೆ ಪಕ್ಕಕ್ಕೊಂದು ಯೋಗ ಮ್ಯಾಟಿನ ತುಂಡು ತುರುಕಿ. ಸೋಫಾಕ್ಕೆ ಬಳಸುವ ಹಳದಿ ಸ್ಪಂಜು ಖಂಡಿತ ಬೇಡ; ಕರಾವಳಿಯ ತೇವಕ್ಕೆ ಅದು ಕಾಲಕ್ರಮೇಣ ಅಂಟಂಟಾಗಿ ಪುಡಿ ಉದುರುತ್ತದೆ. ಡಬ್ಬಿ ಎರಡಿರಲಿ, ಬಳಸದ್ದಕ್ಕೊಂದು, ಬಳಸಿದ್ದಕ್ಕೊಂದು. ಸ್ಲೈಡಿನ ಬಿಳಿ ಬದಿ ಹೊರಗಿದ್ದರೆ ಬಳಸದ್ದು, ಕಪ್ಪು ಹೊರಗಿದ್ದರೆ ಬಳಸಿದ್ದು ಎಂಬ ರೂಢಿ ತಪ್ಪಿಸಬೇಡಿ.

ಗ್ರೌಂಡ್ ಗ್ಲಾಸ್ ಸೀಳಿದ್ದು ಬಸ್ಸಿನಲ್ಲಿ. ಮಡಚಿದ ಕ್ಯಾಮರಾದ ಗಾಜಿನ ಮುಖ ಬ್ಯಾಗಿನ ಹೊರಮೈ ಕಡೆಗಿತ್ತು, ಸೀಟಿನ ಕಂಬಿ ತಾಗಿತು. ಗಾಜು ಬೆನ್ನಿನ ಕಡೆಗಿರಲಿ, ಅದರ ಮೇಲೆ 3 ಮಿಲಿಮೀಟರ್ ಅಕ್ರಿಲಿಕ್ ತುಂಡೊಂದನ್ನು ಕಟ್ಟಿ. ದಾರಿಯಲ್ಲೇ ಒಡೆದರೆ ಕೆಲಸ ನಿಲ್ಲಬೇಕಾಗಿಲ್ಲ. ಕಾಸರಗೋಡು, ಕುಂಬಳೆಯಂಥ ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ ಸಾದಾ ಗಾಜನ್ನು ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಮಬ್ಬಾಗಿ ಕಾಣುವ ಮ್ಯಾಜಿಕ್ ಟೇಪನ್ನು ಒಂದರ ಮೇಲೊಂದು ಬಾರದಂತೆ ಸಾಲಾಗಿ ಅಂಟಿಸಿ, ಟೇಪಿನ ಮುಖ ಲೆನ್ಸಿನ ಕಡೆಗೆ ಬರುವ ಹಾಗೆ ಕೂರಿಸಿ. ಮುಖ ಅದಲುಬದಲಾದರೆ ಗಾಜಿನ ದಪ್ಪದಿಂದಾಗಿ ಫೋಕಸ್ ತಪ್ಪುತ್ತದೆ.

ಸೆಲ್ ಸಡಿಲವಾಗುವುದು ಕಂಪನದಿಂದ. ಬಸ್ಸಿನಲ್ಲಿ ಹಿಂದಿನ ಚಕ್ರದಿಂದಾಚೆಯ ಸೀಟುಗಳಲ್ಲಿ ಎತ್ತಾಕುವುದು ಜಾಸ್ತಿ, ಇಂಜಿನ್ ಮೇಲಿನ ಮುಚ್ಚಳದಲ್ಲಿ ಬಿಸಿ ಮತ್ತು ಅದುರು ಎರಡೂ. ನಡುಭಾಗದಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳಿ, ಬಸ್ಸಿನ ಡಿಕ್ಕಿಗೆ ಕೊಡಬೇಡಿ. ಇಳಿದ ಮೇಲೆ ಮುಂದಿನ, ಹಿಂದಿನ ಸೆಲ್ ಎರಡನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಹದವಾಗಿ ಬಿಗಿ ಮಾಡಿ. ಲೆನ್ಸ್ ಬೋರ್ಡಿನ ರಿಂಗಿಗೆ ಸ್ಪ್ಯಾನರ್ ಬೇಕು, ಅದು ಬ್ಯಾಗಿನಲ್ಲೇ ಇರಲಿ. ಪ್ರಯಾಣದಲ್ಲಿ ಶಟರ್ ಕಾಕ್ ಮಾಡಿ (ಸ್ಪ್ರಿಂಗ್ ಎಳೆದು) ಇಡಬೇಡಿ, ಶಟರ್ ಒತ್ತುವ ತಂತಿಯಾದ ಕೇಬಲ್ ರಿಲೀಸನ್ನು ತಪ್ಪದೆ ಕಳಚಿ.

ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಫಿಲಂ ಬಿಡುವುದಂತೂ ಬೇಡವೇ ಬೇಡ. ಏಸಿ ಕಾರಿನಿಂದ ಇಳಿದ ಕೂಡಲೇ ಡಬ್ಬಿ ತೆರೆಯಬೇಡಿ, ಹೊರಗಿನ ತೇವ ತಣ್ಣಗಿನ ಫಿಲಂ ಮೇಲೆ ಹನಿಯಾಗುತ್ತದೆ. ಮುಚ್ಚಿದ ಹಾಗೇ ಮುಕ್ಕಾಲು ಗಂಟೆ ನೆರಳಲ್ಲಿಡಿ.

ಟ್ರೈಪಾಡಿಗೆ ಕೂರಿಸಿದ ಕ್ಯಾಮರಾವನ್ನು ಹೆಗಲಿಗೇರಿಸಿ ಪದವಿನಲ್ಲಿ ನಡೆಯುವವರನ್ನು ಕಂಡರೆ ನಿಜಕ್ಕೂ ಭಯವಾಗುತ್ತದೆ. ಮೂರು ಕಿಲೋದ ತೂಗಾಟವನ್ನೆಲ್ಲ ತಡೆಯಬೇಕಾದದ್ದು ಒಂದೇ ಒಂದು ಸ್ಕ್ರೂ. ಕಾಲಡಿಯಲ್ಲಿ ಮುರಕಲ್ಲಿನ ಗುಳಿಗಳು, ಮಳೆಗಾಲದಲ್ಲಾದರೆ ಪಾಚಿ. ಜಾಗ ಬದಲಿಸುವುದು ಹತ್ತೇ ಹೆಜ್ಜೆಯಾದರೂ ಕಳಚಿ, ಮಡಚಿ, ಬ್ಯಾಗಿಗೆ ಹಾಕಿಯೇ ನಡೆಯಿರಿ. ಫೋಕಸ್ ನೋಡುವಾಗ ತಲೆಗೆ ಹೊದೆಯುವ ಡಾರ್ಕ್ ಕ್ಲಾತನ್ನು ಕ್ಯಾಮರಾದ ಜೊತೆ ತುರುಕಬೇಡಿ, ಅದಕ್ಕೆ ಅಂಟಿದ ಹುಲ್ಲಿನ ಬೀಜ ಕ್ಯಾಮರಾದ ನಡುವಿನ ಮಡಿಕೆ ಚೀಲವಾದ ಬೆಲ್ಲೋಸ್‌ನ ಮಡಿಕೆ ಸೇರುತ್ತದೆ.

ಮನೆಗೆ ಬಂದ ರಾತ್ರಿಯೇ ಬೆಲ್ಲೋಸನ್ನು ಪೂರ್ತಿ ಎಳೆದು ಫ್ಯಾನಿನಡಿ ಒಣಗಿಸಿ. ಮಡಚುವ ಮುಂಚೆ ಕತ್ತಲ ಕೋಣೆಯಲ್ಲಿ ಒಳಗೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಿ. ತೂತುಗಳು ಬೀಳುವುದು ಹೆಚ್ಚಾಗಿ ಅಲ್ಲೇ, ಕಪ್ಪು ಟೇಪಿನ ಚೂರೊಂದು ಮುಂದಿನ ರಿಪೇರಿವರೆಗೆ ಬಾಳುತ್ತದೆ.