ಪೂಲ್ ರಿಪೇರಿ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ

ಹಡಗಿನ ಕೆಲಸ ಅಂತ ಹೊರಟಿರುವ ಕೋಲಾರದ ಕಡೆಯ ಹುಡುಗರು ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. ನಾನು ಶ್ರೀನಿವಾಸಪುರದ ಪಕ್ಕದ ಹಳ್ಳಿಯವನು. ನಮ್ಮೂರ ಕೆರೆಯಲ್ಲಿ ನೀರಿಗಿಂತ ಜಾಲಿ ಗಿಡವೇ ಜಾಸ್ತಿ. ಈಜು ಎಲ್ಲಿ ಕಲಿಯೋದು?

ಕೋಲಾರದಲ್ಲಿ ಒಬ್ಬ ಏಜೆಂಟ್ ಸಿಕ್ಕಿದ. ಎಸ್‌ಟಿಸಿಡಬ್ಲ್ಯೂ ಬೇಸಿಕ್ ಕೋರ್ಸ್ (ಹಡಗು ಹತ್ತುವವರ ಸುರಕ್ಷತಾ ತರಬೇತಿ), ಸಿಡಿಸಿ (ಹಡಗಿನವರ ಗುರುತಿನ ಪುಸ್ತಕ), ಆಮೇಲೆ ಕೆಲಸ, ಎಲ್ಲಾ ಸೇರಿ ಒಂದೂವರೆ ಲಕ್ಷ ಅಂದ. ಅಪ್ಪ ಆ ವರ್ಷದ ಮಾವಿನ ದುಡ್ಡನ್ನು ಹಾಗೇ ತಂದು ಕೊಟ್ಟರು. ರಸೀದಿ ಕೇಳಿದ್ದಕ್ಕೆ "ನಂಬಿಕೆ ಇಲ್ವಾ ಯಜಮಾನ್ರೇ?" ಅಂದ. ನನಗೆ ಈಜು ಬರಲ್ಲ ಅಂದೆ. "ಹಡಗಲ್ಲಿ ಯಾರಪ್ಪಾ ಈಜ್ತಾರೆ?" ಅಂತ ನಕ್ಕ. ನಾವೂ ನಕ್ಕೆವು.

ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈಗೆ ಹೋದೆ. ಮಹಡಿ ಮೇಲೊಂದು ರೂಮು, ಎರಡು ದಿನ ಬರೀ ಸ್ಲೈಡು. ನೀರಿಗಿಳಿದು ಕಲಿಯಬೇಕಾದ ಪೂಲ್ ರಿಪೇರಿಯಂತೆ. ಇದ್ದದ್ದು ಒಂದೇ ಲೈಫ್ ಜಾಕೆಟ್. ಹದಿನೆಂಟು ಜನ ಸರದಿ ಮೇಲೆ ಅದನ್ನೇ ಹಾಕ್ಕೊಂಡು ಫೋಟೋ ತೆಗೆಸಿಕೊಂಡೆವು. ಸೊಂಟದ ಬಕಲ್ ಮುರಿದು ನೀಲಿ ದಾರ ಕಟ್ಟಿದ್ದರು. ಮೂರನೇ ದಿನ ಸರ್ಟಿಫಿಕೇಟ್ ಕೈಗೆ ಬಂತು. ಆಮೇಲೆ ಕೆಲಸಕ್ಕೆ ಹೋದ ಕಡೆ ನೋಡಿದ ತಕ್ಷಣ ಹೇಳಿದರು, ಈ ಸಂಸ್ಥೆ ಡಿಜಿ ಶಿಪ್ಪಿಂಗ್, ಅಂದರೆ ಹಡಗಿನ ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಕಚೇರಿಯ ಪಟ್ಟಿಯಲ್ಲೇ ಇಲ್ಲ. ಏಜೆಂಟ್ ಫೋನ್ ಸ್ವಿಚ್ ಆಫ್.

ಸಾಲ ಮಾಡಿ, ಮಾನ್ಯತೆ ಇರುವ ಕಡೆ ಮತ್ತೆ ಸೇರಿದೆ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಹೆದರಿಕೆ ಆದದ್ದು ಅಲ್ಲಿನ ಪೂಲಿನಲ್ಲಿ. ಎತ್ತರದಿಂದ ಹಾರುವಾಗ ಒಂದು ಕೈಯಲ್ಲಿ ಮೂಗು, ಬಾಯಿ ಮುಚ್ಚಿ, ಇನ್ನೊಂದರಲ್ಲಿ ಜಾಕೆಟ್ ಕೆಳಕ್ಕೆ ಒತ್ತಿ ಹಿಡಿದಿರಬೇಕು. ನಾನು ಭಯಕ್ಕೆ ಕೈ ಬಿಟ್ಟೆ. ನೀರಿಗೆ ಬಿದ್ದದ್ದೇ ತಡ, ಜಾಕೆಟ್ ಮೇಲಕ್ಕೆ ನುಗ್ಗಿ ಗದ್ದಕ್ಕೆ ಗುದ್ದಿತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ.

ಮಗುಚಿದ ಲೈಫ್ ರಾಫ್ಟ್ (ಗ್ಯಾಸ್ ತುಂಬಿ ಉಬ್ಬುವ, ಜೀವ ಉಳಿಸುವ ತೆಪ್ಪ) ನೆಟ್ಟಗೆ ಮಾಡುವುದು ಇನ್ನೂ ಕಷ್ಟ. ಗ್ಯಾಸ್ ಸಿಲಿಂಡರ್ ಇರುವ ಕಡೆ ಹತ್ತಿ ನಿಂತು, ತಳದ ಪಟ್ಟಿ ಹಿಡಿದು, ಹಿಂದಕ್ಕೆ ವಾಲಬೇಕು. ತಿರುಗಿದಾಗ ಅದು ನಮ್ಮ ಮೇಲೇ ಬೀಳುತ್ತದೆ. ಕೆಳಗೆ ಕತ್ತಲು. ನಾನು ಸುಮ್ನೆ ಕೈಕಾಲು ಬಡಿದೆ, ನೀರು ಕುಡಿದೆ. "ಅಂಗಾತ ಇರು, ರಾಫ್ಟಿನ ತಳ ಕೈಯಲ್ಲಿ ತಳ್ಳಿಕೊಂಡು ಹೊರಗೆ ಬಾ" ಅಂತ ಸರ್ ಹೇಳಿಕೊಟ್ಟರು. ಮೂರನೇ ಸಲಕ್ಕೆ ಬಂದೆ. ಅದೂ ಅಲೆಯೇ ಇಲ್ಲದ ಪೂಲಿನಲ್ಲಿ! ಹಡಗಿನಲ್ಲಿ ಅಪಾಯದ ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗಿದರೆ ಜಾಕೆಟ್ ಸಮೇತ ಎಲ್ಲರೂ ಸೇರುವ ಜಾಗವಾದ ಮಸ್ಟರ್ ಸ್ಟೇಷನ್‌ಗೆ ಹೋಗಬೇಕು. ಇದನ್ನು ಕೂಡ ಆ ಸ್ಲೈಡಿನವರು ಹೇಳಿರಲಿಲ್ಲ.

ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಇದೆ. ಸಂಸ್ಥೆಯ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸೂ ಅದರಲ್ಲಿ ಇರಬೇಕು. ಕೆಲಸ ಕೊಡಿಸುವವರ ಹತ್ತಿರ ಆರ್‌ಪಿಎಸ್‌ಎಲ್ ಲೈಸೆನ್ಸ್ (ಹಡಗಿನ ಕೆಲಸಕ್ಕೆ ಜನ ಕಳಿಸಲು ಡಿಜಿ ಶಿಪ್ಪಿಂಗ್ ಕೊಡುವ ಪರವಾನಗಿ) ಇದೆಯಾ ಕೇಳಿ. ಲೈಸೆನ್ಸ್ ಇರುವವರು ಕೆಲಸ ಕೊಡಿಸೋಕೆ ಅಂತ ನಿಮ್ಮಿಂದ ದುಡ್ಡು ತಗೊಳ್ಳುವ ಹಾಗೇ ಇಲ್ಲ. ಫೀಸ್ ಕಟ್ಟುವ ಮುಂಚೆ ಪೂಲ್ ತೋರಿಸಿ ಅನ್ನಿ. ನಾಚಿಕೆ ಬೇಡ.

ಮೊನ್ನೆ ತಮ್ಮ ಒಂದು ವಾಟ್ಸಾಪ್ ಜಾಹೀರಾತು ತೋರಿಸಿದ. ಹೆಸರು ಬೇರೆ, ನಂಬರ್ ಬೇರೆ. ಫೋಟೋದಲ್ಲಿ ಯಾರೋ ಹುಡುಗ ಲೈಫ್ ಜಾಕೆಟ್ ಹಾಕ್ಕೊಂಡು ನಗ್ತಾ ನಿಂತಿದ್ದಾನೆ. ಸೊಂಟದ ಹತ್ತಿರ ನೀಲಿ ದಾರ.